ನಾಲ್ಕೇ ಪೇಷಂಟ್ ಅಂದರೆ ಎಷ್ಟು ಕೆಲಸ? ಡಯಾಲಿಸಿಸ್ ನರ್ಸ್ ಕೆಲಸ ಒಪ್ಪುವ ಮೊದಲು ಲೆಕ್ಕ ಹಾಕುವ ಬಗೆ

ಅಂಕೋಲೆಯಿಂದ ಜೂನಿಯರ್ ಹುಡುಗಿಯೊಬ್ಬಳು ಫೋನ್ ಮಾಡಿದ್ದಳು. ಡಯಾಲಿಸಿಸ್ ಯೂನಿಟ್‌ನಲ್ಲಿ ಕೆಲಸ ಸಿಗುವ ಹಾಗಿದೆ, ಹೋಗಲಾ ಬೇಡವಾ ಅಂತ ಕೇಳಲು. "ಅಕ್ಕಾ, ಒಬ್ಬರಿಗೆ ನಾಲ್ಕೇ ಪೇಷಂಟ್ ಅಂತೆ. ನಾನೀಗ ಮೆಡಿಸಿನ್ ವಾರ್ಡಲ್ಲಿ ಇಪ್ಪತ್ತು ಜನರನ್ನ ನೋಡ್ತಾ ಇದ್ದೇನೆ. ಅದಕ್ಕಿಂತ ಇದು ಆರಾಮ ಅಲ್ವಾ?"

"ಶಿಫ್ಟ್ ಬದಲಾಗುವ ಹೊತ್ತಿಗೆ ಒಳಗೆ ನಿಂತು ನೋಡಿದೆಯಾ?" ಅಂದೆ. ನೋಡಿರಲಿಲ್ಲ. ಇಂಟರ್‌ವ್ಯೂಗೆ ಮಧ್ಯಾಹ್ನ ಮೂರಕ್ಕೆ ಕರೆದಿದ್ದರು. ಆಗ ಎಲ್ಲರೂ ಮಷೀನ್ ಮೇಲೆ ಮಲಗಿರುತ್ತಾರೆ, ಟಿವಿ ಹಾಡುತ್ತಿರುತ್ತದೆ, ಸಿಸ್ಟರ್ ಕುರ್ಚಿಯಲ್ಲಿ ಕೂತು ಚಾರ್ಟ್ ಬರೆಯುತ್ತಿರುತ್ತಾರೆ. ಯಾರು ನೋಡಿದರೂ ಸುಖದ ಕೆಲಸ ಅನ್ನಬೇಕು, ಹಾಗಿರುತ್ತದೆ ಆ ಹೊತ್ತು.

ವಾರ್ಡಿನ ಇಪ್ಪತ್ತಕ್ಕೂ ಇಲ್ಲಿನ ನಾಲ್ಕಕ್ಕೂ ಹೋಲಿಕೆಯೇ ಇಲ್ಲ. ವಾರ್ಡಿನಲ್ಲಿ ಪೇಷಂಟ್‌ನ ರಕ್ತ ಅವನ ಮೈಯೊಳಗೇ ಇರುತ್ತದೆ. ಇಲ್ಲಿ ಒಂದು ಲೋಟದಷ್ಟು ರಕ್ತ ಸದಾ ಹೊರಗೆ, ಟ್ಯೂಬಿನಲ್ಲಿ. ಪಂಪು ನಿಮಿಷಕ್ಕೆ 300 ಮಿಲಿ ಆಸುಪಾಸಿನಲ್ಲಿ ಅದನ್ನು ತಿರುಗಿಸುತ್ತಿರುತ್ತದೆ. ವಾಪಸ್ ಹೋಗುವ ಸೂಜಿ ಜಾರಿ, ಐದು ನಿಮಿಷ ಯಾರೂ ನೋಡದಿದ್ದರೆ ಒಂದೂವರೆ ಲೀಟರ್ ಹೋಗಬಹುದು. ಹಾಗಂತ ಹೆದರಿ ಈ ಕೆಲಸ ಬಿಡಬೇಕಿಲ್ಲ. ನಾನೇ ವರ್ಷಗಟ್ಟಲೆ ಮಾಡಿದ್ದೇನೆ, ಇಷ್ಟಪಟ್ಟೇ ಮಾಡಿದ್ದೇನೆ. ಆದರೆ ತಲೆ ಎಣಿಸಿ ಒಪ್ಪಬೇಡಿ. ಗಡಿಯಾರ ಇಟ್ಟುಕೊಂಡು ಎಣಿಸಿ. ಹೇಗೆ ಅನ್ನುವುದನ್ನು ಕೆಳಗೆ ಬರೆದಿದ್ದೇನೆ.

ಮೊದಲ ಹೆಜ್ಜೆ: ಅವರು ಹೇಳಿದ ಸಂಖ್ಯೆಯನ್ನು ಬಿಚ್ಚಿ ನೋಡಿ

"ಒಬ್ಬರಿಗೆ ನಾಲ್ಕು" ಅಂದರೆ ನಾಲ್ಕು ಬಗೆಯ ಅರ್ಥ ಇರಬಹುದು. ಒಂದು ಬ್ಯಾಚಿಗೆ (ಒಟ್ಟಿಗೆ ಮಷೀನ್ ಮೇಲೆ ಮಲಗುವ ಒಂದು ಗುಂಪಿಗೆ) ನಾಲ್ಕಾ, ಇಡೀ ಡ್ಯೂಟಿಗೆ ನಾಲ್ಕಾ? ಒಂದು ಡ್ಯೂಟಿಯಲ್ಲಿ ಎರಡು ಬ್ಯಾಚ್ ಬಂದರೆ ಅದು ಎಂಟು. ಆ "ಒಬ್ಬರು" ನರ್ಸಾ, ಟೆಕ್ನಿಶಿಯನ್ನಾ, ಇಬ್ಬರೂ ಸೇರಿಯಾ? ಇನ್‌ಚಾರ್ಜ್ ಸಿಸ್ಟರನ್ನೂ ಲೆಕ್ಕಕ್ಕೆ ಸೇರಿಸಿದ್ದಾರಾ? ಇನ್‌ಚಾರ್ಜ್ ಅಂದರೆ ಅರ್ಧ ಹೊತ್ತು ಸ್ಟೋರ್, ಅರ್ಧ ಹೊತ್ತು ಮೀಟಿಂಗ್. ಅವರ ಪಾಲಿನ ಪೇಷಂಟ್‌ಗಳು ಆಗ ನಿಮ್ಮವರೇ.

ಹಾಗಾಗಿ ಹೀಗೆ ಕೇಳಿ: ಮಷೀನ್ ಎಷ್ಟು? ಅದರಲ್ಲಿ ಇವತ್ತು ಓಡುತ್ತಿರುವುದು ಎಷ್ಟು? ದಿನಕ್ಕೆ ಎಷ್ಟು ಬ್ಯಾಚ್? ಒಂದು ಬ್ಯಾಚಿನಲ್ಲಿ ಸೂಜಿ ಹಾಕಲು ಬರುವವರು ಎಷ್ಟು ಜನ ನಿಜವಾಗಿ ಯೂನಿಟ್‌ನೊಳಗೆ ಇರುತ್ತಾರೆ? ಈ ಕೊನೆಯದೇ ಮುಖ್ಯ. ಹಾಜರಿ ಪುಸ್ತಕದಲ್ಲಿ ಎಂಟು ಹೆಸರಿರುತ್ತದೆ. ಒಬ್ಬರು ಹೆರಿಗೆ ರಜೆ, ಒಬ್ಬರು ನೈಟ್ ಆಫ್, ಒಬ್ಬರನ್ನು ಐಸಿಯುಗೆ ಕರೆದಿದ್ದಾರೆ. ಉಳಿದವರು ಎಷ್ಟು?

ಇನ್ನೊಂದು ವಿಷಯ. ಪ್ರಧಾನಮಂತ್ರಿ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮ 2016ರಲ್ಲಿ ಶುರುವಾದ ಮೇಲೆ ಸರಕಾರಿ ಆಸ್ಪತ್ರೆಗಳ ಒಳಗೆ ಖಾಸಗಿ ಏಜೆನ್ಸಿ ನಡೆಸುವ ಯೂನಿಟ್‌ಗಳೂ ಬಂದಿವೆ. ಅಲ್ಲಿ ಕೆಲಸ ಅಂದರೆ ಆಸ್ಪತ್ರೆಯ ಕೆಲಸವೋ, ಏಜೆನ್ಸಿಯ ಕೆಲಸವೋ ಅಂತ ಕೇಳಿ. ಏಜೆನ್ಸಿಯಾದರೆ ಇನ್ನೊಂದು ಪ್ರಶ್ನೆ ಇದೆ. ಬೇರೆ ತಾಲೂಕಿನ ಸೆಂಟರಿನಲ್ಲಿ ಯಾರೋ ರಜೆ ಹಾಕಿದರೆ ನನ್ನನ್ನು ಕಳಿಸುತ್ತೀರಾ? ಕುಮಟೆಗೆ ಅಂತ ಸೇರಿದವರು ಭಟ್ಕಳದ ಬಸ್ಸಿನಲ್ಲಿ ಕೂರುವ ಹಾಗಾಗಬಾರದು.

ಎರಡನೇ ಹೆಜ್ಜೆ: ಬ್ಯಾಚ್ ಬದಲಾಗುವ ಹೊತ್ತನ್ನು ನಿಮಿಷದಲ್ಲಿ ಬರೆಯಿರಿ

ಇದೇ ಇಡೀ ಲೇಖನದ ಹೊಟ್ಟೆ. ಒಂದು ಪೆನ್ನು, ಒಂದು ಹಾಳೆ ತೆಗೆದುಕೊಳ್ಳಿ.

ಒಬ್ಬ ಪೇಷಂಟ್‌ನನ್ನು ಆನ್ ಮಾಡುವುದು ಅಂದರೆ: ತೂಕ ನೋಡು, ಬಿಪಿ ನೋಡು, ಮೈಯಿಂದ ಎಷ್ಟು ನೀರು ತೆಗೆಯಬೇಕು ಅಂತ ಲೆಕ್ಕ ಹಾಕು, ಫಿಸ್ಟುಲಾ (ಸೂಜಿ ಹಾಕಲೆಂದು ಕೈಯಲ್ಲಿ ಆಪರೇಷನ್ ಮಾಡಿ ಜೋಡಿಸಿದ ರಕ್ತನಾಳ) ಇರುವ ಕೈ ತೊಳೆಸು, ಮುಟ್ಟಿ ಕಂಪನ ಇದೆಯಾ ನೋಡು, ಎರಡು ಸೂಜಿ ಹಾಕು, ಟ್ಯೂಬ್ ಜೋಡಿಸು, ರಕ್ತ ಹೆಪ್ಪುಗಟ್ಟದ ಹಾಗೆ ಹೆಪಾರಿನ್ ಕೊಡು, ಮಷೀನ್ ಸೆಟ್ ಮಾಡು, ಬರೆ. ಒಳ್ಳೆಯ ಫಿಸ್ಟುಲಾ, ಒಳ್ಳೆಯ ಕೈ ಎರಡೂ ಇದ್ದರೆ 15 ನಿಮಿಷ. ಫಿಸ್ಟುಲಾ ಬದಲು ಕುತ್ತಿಗೆಯಲ್ಲಿ ಕ್ಯಾಥೆಟರ್ ಕೊಳವೆ ಇದ್ದರೆ ಡ್ರೆಸಿಂಗ್ ಬಿಚ್ಚಿ ಸ್ಟೆರೈಲ್ ಆಗಿ ಮಾಡಬೇಕು, 20ರಿಂದ 25.

ಆಫ್ ಮಾಡುವುದು: ರಕ್ತ ವಾಪಸ್ ಕೊಡು, ಸೂಜಿ ತೆಗಿ, ರಕ್ತ ನಿಲ್ಲುವ ತನಕ ಒತ್ತಿ ಹಿಡಿ, ಎದ್ದು ಕೂತಾಗ ಬಿಪಿ ನೋಡು, ತೂಕ ನೋಡು. 20 ನಿಮಿಷ ಇಟ್ಟುಕೊಳ್ಳಿ. ಒತ್ತಿ ಹಿಡಿಯಲು ಮನೆಯವರು ಬಂದಿದ್ದರೆ ಸ್ವಲ್ಪ ಉಳಿಯುತ್ತದೆ. ಹೊನ್ನಾವರದ ಒಳಗಿನ ಹಳ್ಳಿಯಿಂದ ಒಬ್ಬರೇ ಬಸ್ಸಿನಲ್ಲಿ ಬಂದ ಅಜ್ಜಿಗೆ ಯಾರು ಹಿಡಿಯುತ್ತಾರೆ? ನೀವೇ.

ಆಮೇಲೆ ಮಷೀನ್. ಹಳೆ ಟ್ಯೂಬ್ ಬಿಚ್ಚಿ, ಮೇಲ್ಮೈ ಒರೆಸಿ, ಡಿಸ್‌ಇನ್ಫೆಕ್ಷನ್‌ಗೆ ಹಾಕಿದರೆ, ಮಷೀನ್ ಯಾವುದು ಅನ್ನುವುದನ್ನು ನೋಡಿಕೊಂಡು, 30ರಿಂದ 40 ನಿಮಿಷ. ಹೊಸ ಟ್ಯೂಬಿಂಗ್ ಹಾಕಿ, ಸಲೈನ್ ತುಂಬಿಸಿ ಗಾಳಿ ಹೊರಹಾಕುವ ಪ್ರೈಮಿಂಗ್, 20 ನಿಮಿಷ.

ಈಗ ಕೂಡಿಸಿ. ಆಫ್ 20, ಶುಚಿ 30-40, ಪ್ರೈಮಿಂಗ್ 20, ಆನ್ 15. ಸುಮಾರು ಒಂದೂವರೆ ಗಂಟೆ. ಇದಕ್ಕೆ 4 ಗಂಟೆ ಡಯಾಲಿಸಿಸ್ ಸೇರಿಸಿದರೆ ಒಂದು ಬ್ಯಾಚಿಗೆ ಒಂದು ಮಷೀನಿನ ಮೇಲೆ ಐದೂವರೆ ಗಂಟೆ. ಮೂರು ಬ್ಯಾಚಿಗೆ ಹದಿನಾರೂವರೆ.

ಯಾರಾದರೂ ನಿಮಗೆ "ಬೆಳಗ್ಗೆ 6ರಿಂದ 10, 10ರಿಂದ 2, 2ರಿಂದ 6" ಅಂತ ಟೈಮ್‌ಟೇಬಲ್ ತೋರಿಸಿದರೆ ನಗಬೇಡಿ, ಆದರೆ ಮನಸ್ಸಿನಲ್ಲೇ ಗುರುತು ಹಾಕಿಕೊಳ್ಳಿ. ಆ ಒಂದೂವರೆ ಗಂಟೆ ಎಲ್ಲಿಂದಲೋ ಕದ್ದದ್ದು. ಪೇಷಂಟ್‌ಗೆ ನಾಲ್ಕರ ಬದಲು ಮೂರು ಗಂಟೆ ಆಗುತ್ತಿರಬೇಕು, ಇಲ್ಲ ಮಷೀನ್ ತೊಳೆಯುವುದು ಸುಮ್ನೆ ಒಂದು ಒರೆಸು ಆಗಿರಬೇಕು, ಇಲ್ಲ ಸ್ಟಾಫ್ ಊಟ ಬಿಟ್ಟಿರಬೇಕು. ಬಹಳ ಕಡೆ ಮೂರೂ ಸ್ವಲ್ಪ ಸ್ವಲ್ಪ.

ಇನ್ನು ನಿಮ್ಮ ಎರಡು ಕೈಗಳ ಲೆಕ್ಕ. ನಾಲ್ಕು ಜನರನ್ನು 15 ನಿಮಿಷಕ್ಕೊಬ್ಬರಂತೆ ಆನ್ ಮಾಡಿದಿರಿ ಅಂತಿಟ್ಟುಕೊಳ್ಳಿ. ಮೊದಲನೆಯವರ ಪಂಪು ತಿರುಗಿದ್ದು 6.30ಕ್ಕೆ, ಕೊನೆಯವರದು 7.15ಕ್ಕೆ. ಮುಗಿಯುವುದು 10.30, 10.45, 11.00, 11.15. ಆದರೆ ಆಫ್ ಮಾಡಲು ತಲಾ 20 ನಿಮಿಷ ಬೇಕಲ್ಲ. ಹಾಗಾಗಿ ನಾಲ್ಕನೆಯವರ ಸರದಿ ಬರುವುದೇ 11.30ಕ್ಕೆ, ಅವರು ಏಳುವುದು 11.50ಕ್ಕೆ. ಕಾಲು ಗಂಟೆ ತಡ, ದೊಡ್ಡ ವಿಷಯವಲ್ಲ ಅನಿಸುತ್ತದೆ. ಆದರೆ ಆ ಹೊತ್ತಿಗೆ ಮೊದಲ ಮಷೀನ್ ಒಂದು ಗಂಟೆಯಿಂದ ಕೊಳೆಯಾಗಿ ನಿಂತಿದೆ. ಎರಡನೇ ಬ್ಯಾಚಿನವರು ಹತ್ತು ಗಂಟೆಯಿಂದಲೇ ಬಾಗಿಲಲ್ಲಿ ನಿಂತಿದ್ದಾರೆ. ಅವರಲ್ಲೊಬ್ಬರಿಗೆ ಉಬ್ಬಸ. ಯಾರೋ "ಸಿಸ್ಟರೇ, ನಮ್ಮ ಬಸ್ಸು ತಪ್ಪುತ್ತದೆ" ಅನ್ನುತ್ತಿದ್ದಾರೆ.

ಇದೇ ನಾಲ್ಕು ಪೇಷಂಟ್‌ಗೆ ಆ ಒಂದೂವರೆ ಗಂಟೆ ಮಾತ್ರ ಇನ್ನೊಬ್ಬ ಟೆಕ್ನಿಶಿಯನ್ ಮತ್ತು ಮಷೀನ್ ಒರೆಸಲು ಕಲಿತ ಆಯಾ ಇದ್ದರೆ? ಆರಾಮವಾಗಿ ನಡೆಯುತ್ತದೆ. ಅದಕ್ಕೇ ಹೇಳಿದ್ದು, "ಒಬ್ಬರಿಗೆ ಎಷ್ಟು" ಅನ್ನುವುದಕ್ಕಿಂತ "ಬದಲಾಗುವಾಗ ಎಷ್ಟು ಕೈ" ಅನ್ನುವುದೇ ದೊಡ್ಡ ಪ್ರಶ್ನೆ.

ಮೂರನೇ ಹೆಜ್ಜೆ: ಪೇಷಂಟ್‌ಗಳನ್ನು ತೂಗಿ

ಎಲ್ಲ ಪೇಷಂಟ್ ಒಂದೇ ಭಾರ ಅಲ್ಲ. ನಾನು ಒಂದು ಅಂದಾಜಿನ ಲೆಕ್ಕ ಇಟ್ಟುಕೊಂಡಿದ್ದೇನೆ. ಇದು ಯಾವ ಪುಸ್ತಕದ್ದೂ ಅಲ್ಲ, ನನ್ನದೇ. ಗಟ್ಟಿ ಫಿಸ್ಟುಲಾ, ನಡೆದು ಬರುವವರು, ಬಿಪಿ ಸರಿ: ಒಂದು ಪಾಯಿಂಟ್. ಕ್ಯಾಥೆಟರ್ ಇದ್ದವರು ಒಂದೂವರೆ. ವೀಲ್‌ಚೇರಿನಿಂದ ಎತ್ತಿ ಮಲಗಿಸಬೇಕಾದವರೂ ಒಂದೂವರೆ. ಪ್ರತಿ ಸಲ ಬಿಪಿ ಬೀಳುವವರು, ನೀರು ಜಾಸ್ತಿ ಏರಿಸಿಕೊಂಡು ಬರುವವರು ಎರಡು. ಮೊದಲ ಸಲ ಡಯಾಲಿಸಿಸ್ ಆಗುವವರು, ಐಸಿಯುನಿಂದ ಬಂದವರು ಮೂರು. ಒಬ್ಬ ನರ್ಸ್ ಪಾಲಿಗೆ ಒಟ್ಟು ಐದು ದಾಟಬಾರದು. ಈ ಲೆಕ್ಕದಲ್ಲಿ ನಾಲ್ಕು ಗಟ್ಟಿ ಪೇಷಂಟ್ ಅಂದರೆ ನಾಲ್ಕೇ ಪಾಯಿಂಟ್. ಇಬ್ಬರು ಬಿಪಿ ಬೀಳುವವರು, ಒಬ್ಬರು ಕ್ಯಾಥೆಟರ್, ಮೂರೇ ಜನ, ಆದರೆ ಐದೂವರೆ.

ಆದ್ದರಿಂದ ಕೇಳಿ: ಎಷ್ಟು ಜನರಿಗೆ ಕ್ಯಾಥೆಟರ್ ಇದೆ? ಫಿಸ್ಟುಲಾ ಮಾಡಿಸಲು ಎಲ್ಲಿಗೆ ಕಳಿಸುತ್ತೀರಿ? ನಮ್ಮ ಉತ್ತರ ಕನ್ನಡ ಜಿಲ್ಲೆಯವರು ದೊಡ್ಡ ಚಿಕಿತ್ಸೆಗೆ ಮಣಿಪಾಲ, ಮಂಗಳೂರು, ಹುಬ್ಬಳ್ಳಿ, ಗೋವಾ ಅಂತ ಓಡಾಡುವುದು ಹೊಸತಲ್ಲ. ಓಡಾಟ ದೂರವಾದಷ್ಟೂ ಫಿಸ್ಟುಲಾ ಮುಂದೂಡುತ್ತಾ ಹೋಗುತ್ತದೆ, ಕ್ಯಾಥೆಟರ್ ಕುತ್ತಿಗೆಯಲ್ಲೇ ಉಳಿಯುತ್ತದೆ. ಅದರ ಭಾರ ಬೀಳುವುದು ನಿಮ್ಮ ಬೆಳಗಿನ ಗಂಟೆಯ ಮೇಲೆ.

ನೀರಿನ ವಿಷಯ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಕರಾವಳಿಯಲ್ಲಿ ಇದೇ ಕೆಲಸ ಕೂಡಿಸುವುದು. ಒಂದು ಗಂಟೆಗೆ ಒಂದು ಕೆಜಿ ತೂಕಕ್ಕೆ 13 ಮಿಲಿಗಿಂತ ವೇಗವಾಗಿ ನೀರು ಎಳೆಯಬಾರದು ಅಂತ ಒಂದು ಮಿತಿ ಹೇಳುತ್ತಾರೆ. 60 ಕೆಜಿಯ ಮನುಷ್ಯನಿಗೆ ಗಂಟೆಗೆ 780 ಮಿಲಿ. 4 ಗಂಟೆಗೆ ಮೂರು ಲೀಟರ್‌ಗಿಂತ ತುಸು ಜಾಸ್ತಿ. ಈಗ ಏಪ್ರಿಲ್ ತಿಂಗಳ ಕಾರವಾರ ನೆನೆಸಿಕೊಳ್ಳಿ. ಬೆವರು, ಬಾಯಾರಿಕೆ, ಬೆಳಗ್ಗೆ ಗಂಜಿಗೆ ಒಣಮೀನು. ಸಿರ್ಸಿ ಕಡೆಯವರಾದರೆ ಕುಡಿಯುವಷ್ಟು ತೆಳ್ಳಗಿನ ಮಾವಿನಕಾಯಿ ಅಪ್ಪೆಹುಳಿ. ಊಟದ ಜೊತೆ ಒಂದು ಲೋಟ, ಊಟ ಆದ ಮೇಲೆ ಇನ್ನೊಂದು. ನಾಲ್ಕೂವರೆ ಕೆಜಿ ಏರಿಸಿಕೊಂಡು ಬರುತ್ತಾರೆ. ಬೈದರೆ "ಅಪ್ಪೆಹುಳಿ ನೀರಲ್ಲ ಸಿಸ್ಟರೇ, ಸಾರು" ಅನ್ನುತ್ತಾರೆ. ಏನು ಹೇಳುವುದು? ಅಷ್ಟನ್ನೂ ಒಂದೇ ದಿನ ಎಳೆಯಲು ಹೋದರೆ ಮೂರನೇ ಗಂಟೆಗೆ ಕಾಲು ಸೆಳೆತ, ವಾಂತಿ, ಬಿಪಿ ಢಮಾರ್. ಆಗ ನೀವು ಆ ಒಬ್ಬರ ಪಕ್ಕ ಇಪ್ಪತ್ತು ನಿಮಿಷ ನಿಲ್ಲಬೇಕು. ಉಳಿದ ಮೂವರು?

ಭಾನುವಾರ ಯೂನಿಟ್ ಮುಚ್ಚುವ ಕಡೆ ಸೋಮವಾರ, ಮಂಗಳವಾರವೇ ಭಾರದ ದಿನ. ಸೋಮ-ಬುಧ-ಶುಕ್ರದವರಿಗೆ ಶುಕ್ರವಾರದಿಂದ ಸೋಮವಾರದ ತನಕ ಅಂತರ. ಮಂಗಳ-ಗುರು-ಶನಿಯವರಿಗೆ ಶನಿವಾರದಿಂದ ಮಂಗಳವಾರ. ವಾರಕ್ಕೆ ಎರಡೇ ಸಲ ಬರುವವರೂ ನಮ್ಮಲ್ಲಿ ಬಹಳ, ಅವರ ಅಂತರ ಇನ್ನೂ ಉದ್ದ. ಯೂನಿಟ್ ನೋಡಲು ಹೋಗುವುದಾದರೆ ಈ ಎರಡು ದಿನಗಳಲ್ಲೇ ಹೋಗಿ. ಸಿರ್ಸಿಯಲ್ಲಾದರೆ ಎರಡು ವರ್ಷಕ್ಕೊಮ್ಮೆ ಬರುವ ಮಾರಿಕಾಂಬಾ ಜಾತ್ರೆಯ ವಾರ ಪೂರ್ತಿ ಸೋಮವಾರವೇ.

ಹೆಪಟೈಟಿಸ್ ಬಿ ಇರುವವರ ಬಗ್ಗೆ ಬೇರೆಯಾಗಿ ಕೇಳಿ. ಅವರಿಗೆ ಬೇರೆ ಕೋಣೆ, ಬೇರೆ ಮಷೀನ್ ಇರಬೇಕು. ಅವರನ್ನು ನೋಡುವ ಸ್ಟಾಫ್ ಅದೇ ಹೊತ್ತಿಗೆ ಬೇರೆಯವರನ್ನು ನೋಡಬಾರದು. ಅಂದರೆ ಆ ಕೋಣೆಯಲ್ಲಿ ಒಬ್ಬರೇ ಮಲಗಿದ್ದರೂ ಒಬ್ಬ ಸ್ಟಾಫ್ ಅಲ್ಲೇ ಕಟ್ಟಿಬಿದ್ದ ಹಾಗೆ. ಆ ಒಬ್ಬರನ್ನು ಒಟ್ಟು ಲೆಕ್ಕದಿಂದ ಕಳೆದಿದ್ದಾರಾ? ಹೆಚ್ಚಿನ ಕಡೆ ಕಳೆದಿರುವುದಿಲ್ಲ. ನಿಮ್ಮ ಮೂರು ಡೋಸ್ ಲಸಿಕೆ ಆಗಿ, ಟೈಟರ್ (ರಕ್ತದಲ್ಲಿ ಪ್ರತಿಕಾಯದ ಮಟ್ಟ) 10 ದಾಟಿದೆಯಾ ಅಂತಲೂ ಸೇರುವ ಮೊದಲೇ ನೋಡಿಸಿಕೊಳ್ಳಿ.

ನಾಲ್ಕನೇ ಹೆಜ್ಜೆ: ಮಷೀನಿನ ಪಕ್ಕದಲ್ಲಿಲ್ಲದ ಕೆಲಸ ಯಾರದು?

ಇಂಟರ್‌ವ್ಯೂನಲ್ಲಿ ನಾನು ಕೇಳುವ ಒಂದು ಪ್ರಶ್ನೆ ಇದೆ. "ಬೈಕಾರ್ಬ್ ಯಾರು ಕಲಸುತ್ತಾರೆ?" ಡಯಾಲಿಸಿಸ್ ದ್ರಾವಣಕ್ಕೆ ಬೇಕಾದ ಬೈಕಾರ್ಬನೇಟ್ ಪುಡಿ ಕಲಸಿ ಕ್ಯಾನ್ ತುಂಬುವ ಕೆಲಸ ಅದು, ನೋಡಲು ಚಿಕ್ಕದು. ಆದರೆ ಇದಕ್ಕೆ ಬರುವ ಉತ್ತರದಲ್ಲಿ ಇಡೀ ಯೂನಿಟ್ ಕಾಣುತ್ತದೆ. "ಟೆಕ್ನಿಶಿಯನ್ ರಮೇಶನೋ ಸುರೇಶನೋ ಬೆಳಗ್ಗೆ ಐದೂವರೆಗೆ ಬಂದು ಮಾಡುತ್ತಾನೆ" ಅಂತ ನಿರ್ದಿಷ್ಟವಾಗಿ ಹೇಳಿದರೆ ಒಳ್ಳೆಯದು. "ಎಲ್ಲರೂ ಸೇರಿ ಮಾಡ್ಕೊಳ್ತಾರೆ" ಅಂದರೆ ಹೊಸಬರು ಮಾಡುತ್ತಾರೆ ಅಂತ ಅರ್ಥ.

ಹೀಗೇ ಉಳಿದದ್ದನ್ನೂ ಕೇಳಿ. ರಕ್ತ ಸೋಸುವ ಡಯಾಲೈಸರ್ ಮರುಬಳಕೆ ಇದೆಯಾ, ಇದ್ದರೆ ತೊಳೆದು, ವಾಲ್ಯೂಮ್ ಅಳೆದು, ಹೆಸರು ನೋಡಿ ಇಡುವವರು ಯಾರು? ಕಸವನ್ನು ಹಳದಿ-ಕೆಂಪು ಬ್ಯಾಗಿಗೆ ಬೇರ್ಪಡಿಸಿ ಸಾಗಿಸುವುದು? ಆಯುಷ್ಮಾನ್ ಕಾರ್ಡಿನ ಕಂಪ್ಯೂಟರ್ ಎಂಟ್ರಿ? ಸ್ಟಾಕ್? ರಾತ್ರಿ ಐಸಿಯುನಲ್ಲಿ ತುರ್ತು ಡಯಾಲಿಸಿಸ್ ಬಂದರೆ ಯಾರು ಹೋಗುತ್ತಾರೆ, ಮರುದಿನ ಬೆಳಗ್ಗೆ ಅವರಿಗೆ ರಜೆಯಾ? ಈ ಕೊನೆಯದಕ್ಕೆ "ನೋಡೋಣ" ಅಂದರೆ ರಜೆ ಇಲ್ಲ.

ಐದನೇ ಹೆಜ್ಜೆ: ಮಳೆ, ಕರೆಂಟು, ನೀರು

ಬೆಂಗಳೂರಿನವರು ಬರೆದ ಸಲಹೆಗಳಲ್ಲಿ ಇದು ಇರುವುದಿಲ್ಲ. ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ಇದೇ ಕೆಲಸದ ಅರ್ಧ ಭಾರ.

ಒಬ್ಬರಿಗೆ ಒಂದು ಸಲಕ್ಕೆ ಸುಮಾರು 120 ಲೀಟರ್ ಶುದ್ಧ ನೀರು ಬೇಕು. ನಿಮಿಷಕ್ಕೆ ಅರ್ಧ ಲೀಟರ್, ನಾಲ್ಕು ಗಂಟೆ, ನೀವೇ ಗುಣಿಸಿ. ಹತ್ತು ಮಷೀನ್, ಎರಡು ಬ್ಯಾಚ್ ಅಂದರೆ 2,400 ಲೀಟರ್. ನೀರು ಶುದ್ಧ ಮಾಡುವ ಆರ್‌ಓ ಪ್ಲಾಂಟ್ ಹೊರಗೆ ಬಿಡುವ ನೀರು ಇದರ ಮೇಲೆ. ಬೇಸಿಗೆಯಲ್ಲಿ ನದಿ ಬಾಯಿಯ ಹತ್ತಿರದ ಬಾವಿಗಳು ಉಪ್ಪಾಗುತ್ತವೆ, ಟ್ಯಾಂಕರ್ ಬರಬೇಕು. ಟ್ಯಾಂಕರ್ ತಡವಾದರೆ ಬ್ಯಾಚ್ ತಡ, ಬ್ಯಾಚ್ ತಡವಾದರೆ ನೀವು ಮನೆಗೆ ತಡ. ಮಳೆಗಾಲದಲ್ಲಿ ಕೆಂಪು ನೀರು ಬಂತೆಂದು ಬ್ಲೀಚಿಂಗ್ ಜಾಸ್ತಿ ಹಾಕುತ್ತಾರೆ. ಕ್ಲೋರಿನ್ ಉಳಿದ ನೀರು ಮಷೀನಿಗೆ ಹೋದರೆ ಕೆಂಪು ರಕ್ತಕಣ ಒಡೆಯುತ್ತದೆ. ಹಾಗಾಗಿ ಪ್ರತಿ ಬ್ಯಾಚಿನ ಮೊದಲು ಕ್ಲೋರಿನ್ ಪರೀಕ್ಷೆ ಆಗಬೇಕು. ಲಾಗ್ ಪುಸ್ತಕ ತೋರಿಸಿ ಅನ್ನಿ. ಯಾರ ಸಹಿ ಇದೆ? ನರ್ಸ್ ಸಹಿ ಇದ್ದರೆ ಅದೂ ನಿಮ್ಮ ಕೆಲಸವೇ.

ಕರೆಂಟು ಹೋದರೆ ಮಷೀನಿನ ಬ್ಯಾಟರಿ ಪಂಪನ್ನು ಸ್ವಲ್ಪ ಹೊತ್ತು, ಸಾಮಾನ್ಯವಾಗಿ ಕಾಲು ಗಂಟೆ ಆಸುಪಾಸು ಓಡಿಸುತ್ತದೆ. ಹಳೆ ಬ್ಯಾಟರಿಯಾದರೆ ಅಷ್ಟೂ ಇಲ್ಲ. ಆಮೇಲೆ ಕೈಯಲ್ಲಿ ತಿರುಗಿಸಿ ರಕ್ತ ವಾಪಸ್ ಕೊಡಬೇಕು. ಒಬ್ಬ ನರ್ಸ್, ನಾಲ್ಕು ಪಂಪು. ಜನರೇಟರ್ ತಾನಾಗಿ ಶುರುವಾಗುತ್ತದಾ, ಯಾರಾದರೂ ಕೆಳಗೆ ಓಡಿ ಹೋಗಬೇಕಾ?

ರಸ್ತೆಯ ಕಥೆ ಹೇಳುವುದೇ ಬೇಡ. 2024ರ ಜುಲೈ 16ರಂದು ಅಂಕೋಲೆಯ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಹಲವು ದಿನ ಬಂದ್ ಆಯಿತು. ಮೂರು ವಾರದಲ್ಲಿ, ಆಗಸ್ಟ್ 7ರ ನಸುಕಿನಲ್ಲಿ, ಕಾರವಾರದ ಕಾಳಿ ನದಿಯ ಹಳೆ ಸೇತುವೆ ಬಿತ್ತು. ಅಂಥ ದೊಡ್ಡದೇ ಆಗಬೇಕಿಲ್ಲ. ದೇವಿಮನೆ ಘಟ್ಟದಲ್ಲಿ ಒಂದು ಮರ ಬಿದ್ದರೂ ಸಾಕು. ಹತ್ತಕ್ಕೆ ಬರಬೇಕಾದವರು ಎರಡಕ್ಕೆ ಬರುತ್ತಾರೆ, ಹಿಂದಿನ ಸರದಿ ತಪ್ಪಿದವರು ಐದು ಕೆಜಿ ಏರಿಸಿಕೊಂಡು ಬರುತ್ತಾರೆ. ಅವರನ್ನು ವಾಪಸ್ ಕಳಿಸಲು ಆಗುತ್ತದಾ? ಆಗುವುದಿಲ್ಲ. ಹಾಗಾಗಿ ಹೀಗೆ ಕೇಳಿ: "ಹೋದ ಮಳೆಗಾಲದಲ್ಲಿ ತಡವಾಗಿ ಬಂದವರಿಗೆ ಏನು ಮಾಡಿದಿರಿ? ಆ ದಿನ ಸ್ಟಾಫ್ ಎಷ್ಟು ಗಂಟೆಗೆ ಮನೆಗೆ ಹೋದರು? ಓವರ್‌ಟೈಮ್ ಕೊಟ್ಟಿರಾ?"

ಆರನೇ ಹೆಜ್ಜೆ: ಒಂದು ಗಂಟೆ ಒಳಗೆ ನಿಲ್ಲಿ

"ಸೇರುವ ಮೊದಲು ಒಮ್ಮೆ ಬ್ಯಾಚ್ ಬದಲಾಗುವಾಗ ನೋಡಬಹುದಾ?" ಅಂತ ಕೇಳಿ. ಒಳ್ಳೆಯ ಯೂನಿಟ್‌ನವರು ಬನ್ನಿ ಅನ್ನುತ್ತಾರೆ. ಬೇಡ ಅಂದರೆ ಅದೂ ಒಂದು ಉತ್ತರವೇ.

ಒಳಗೆ ಹೋದ ಮೇಲೆ ಮಾತು ಕಡಿಮೆ, ಕಣ್ಣು ಜಾಸ್ತಿ. ಅಲಾರಂ ಹೊಡೆದರೆ ಯಾರು ಹೋಗುತ್ತಾರೆ, ಎಷ್ಟು ಹೊತ್ತಿಗೆ? ದೂರದಿಂದಲೇ ಬಂದು ಬಟನ್ ಒತ್ತಿ ಸುಮ್ಮನಾಗಿಸಿ ಹೋಗುತ್ತಾರಾ, ಸೂಜಿ ನೋಡುತ್ತಾರಾ? ಒಬ್ಬರಿಂದ ಇನ್ನೊಬ್ಬರ ಹತ್ತಿರ ಹೋಗುವಾಗ ಗ್ಲೋವ್ಸ್ ಬದಲಾಗುತ್ತದಾ? ಕೆಲಸ ಗೊತ್ತಿಲ್ಲದೆ ಯಾರೂ ಗ್ಲೋವ್ಸ್ ಬಿಡುವುದಿಲ್ಲ, ಹೊತ್ತಿಲ್ಲದೆ ಬಿಡುತ್ತಾರೆ.

ಚಾರ್ಟ್ ಒಂದು ನೋಡಿ. ಅರ್ಧ ಗಂಟೆಗೊಮ್ಮೆ ಬಿಪಿ ಬರೆದಿರುತ್ತಾರೆ. 130/80, 130/80, 128/80, 130/80, ಎಲ್ಲ ಒಂದೇ ಶಾಯಿ, ಒಂದೇ ಓರೆ. ನಾಲ್ಕು ಗಂಟೆ ಡಯಾಲಿಸಿಸ್ ಆದ ಮನುಷ್ಯನ ಬಿಪಿ ಹಾಗಿರುವುದಿಲ್ಲ ಮಾರಾಯ್ರೆ. ಕೊನೆಯಲ್ಲಿ ಕೂತು ಒಟ್ಟಿಗೆ ಬರೆದದ್ದು. ಬರೆದವರನ್ನು ದೂರಬೇಡಿ. ಅವರಿಗೆ ಹೊತ್ತಿರಲಿಲ್ಲ ಅನ್ನುವುದನ್ನು ಓದಿಕೊಳ್ಳಿ.

ಆಮೇಲೆ ನೀವು ನಿಲ್ಲುವ ಜಾಗದಿಂದ ಎಷ್ಟು ಮುಖ, ಎಷ್ಟು ಕೈ ಕಾಣುತ್ತದೆ ನೋಡಿ. ನನ್ನ ಮೊದಲ ಡಯಾಲಿಸಿಸ್ ಕೆಲಸದಲ್ಲಿ ಮೂರು ಹಾಸಿಗೆ ಹಾಲಿನಲ್ಲಿ, ಒಂದು ಕಂಬದ ಆಚೆ. ಆಸ್ಪತ್ರೆಯ ಹೆಸರು ಬೇಡ. ಆಷಾಢದ ಮಳೆ, ಮೇಲೆ ಎಸಿ. ಕಂಬದ ಆಚೆಯವರು ಚಳಿ ಅಂತ ಕೈಯನ್ನೂ ಸೇರಿಸಿ ಕಂಬಳಿ ಹೊದ್ದಿದ್ದರು. ನಾನು ಈಚೆ ಒಬ್ಬರಿಗೆ ಬಿಪಿ ಬಿದ್ದದ್ದನ್ನು ನೋಡುತ್ತಿದ್ದೆ. ನೆಲ ಒರೆಸಲು ಬಂದ ಆಯಾ "ಸಿಸ್ಟರ್, ಇಲ್ಲಿ ಕೆಂಪು" ಅಂದಳು. ರಕ್ತ ವಾಪಸ್ ಹೋಗುವ ಸೂಜಿ ಅರ್ಧ ಹೊರಗೆ. ಮಷೀನ್ ಅಲಾರಂ ಕೊಟ್ಟಿರಲಿಲ್ಲ. ಆ ಸೂಜಿ ಜಾರಿದರೆ ಎಷ್ಟೋ ಸಲ ಕೊಡುವುದೂ ಇಲ್ಲ. ಅವರು ಉಳಿದರು, ದೇವರು ದೊಡ್ಡವನು. ಆ ದಿನ ನನ್ನ ಪಾಲಿಗೆ ನಾಲ್ಕೇ ಪೇಷಂಟ್. ಒಂದೇ ಸಾಲಿನಲ್ಲಿ ಕಣ್ಣೆದುರಿಗಿರುವ ಐದು ಜನರನ್ನಾದರೂ ನೋಡಬಹುದು, ಎರಡು ಕೋಣೆಯಲ್ಲಿ ಹಂಚಿದ ಮೂವರು ಕಷ್ಟ.

ಡಾಕ್ಟರ ವಿಷಯವನ್ನೂ ಅಲ್ಲೇ ತಿಳಿದುಕೊಳ್ಳಿ. ಕಿಡ್ನಿ ಡಾಕ್ಟರು ದಿನಾ ಇರುತ್ತಾರಾ, ವಾರಕ್ಕೊಮ್ಮೆ ಬರುತ್ತಾರಾ, ಫೋನಿನಲ್ಲಾ? ಅವರಿಲ್ಲದಾಗ ಬಿಪಿ 70ಕ್ಕೆ ಬಿದ್ದರೆ ಐದು ನಿಮಿಷದಲ್ಲಿ ಯಾವ ಡಾಕ್ಟರು ಬರುತ್ತಾರೆ? ಯಾರೂ ಬೇಗ ಬರದ ಕಡೆ ನನ್ನ ಲೆಕ್ಕದ ಐದು ಪಾಯಿಂಟ್ ನಾಲ್ಕಕ್ಕೆ ಇಳಿಯುತ್ತದೆ.

ಏಳನೇ ಹೆಜ್ಜೆ: ಉತ್ತರಗಳನ್ನು ಕನ್ನಡಕ್ಕೆ ತಿರುಗಿಸಿಕೊಳ್ಳಿ

"ನಾವೆಲ್ಲ ಒಂದೇ ಮನೆಯವರ ಹಾಗೆ" ಅಂದರೆ ಓವರ್‌ಟೈಮ್ ಇಲ್ಲ. "ಒಮ್ಮೊಮ್ಮೆ ಅಡ್ಜಸ್ಟ್ ಮಾಡ್ಕೋಬೇಕು" ಅಂದರೆ ವಾರಕ್ಕೆ ಎರಡು ಸಲ. "ಇಬ್ಬರು ಹೊಸಬರು ಸೇರ್ತಾ ಇದ್ದಾರೆ" ಅಂದರೆ ಇಬ್ಬರು ಬಿಟ್ಟು ಹೋಗಿದ್ದಾರೆ. ಯಾವಾಗ, ಯಾಕೆ ಅಂತ ಕೇಳಿ. ಒಂದು ವರ್ಷದಲ್ಲಿ ಎಷ್ಟು ಜನ ಬಿಟ್ಟರು ಅನ್ನುವುದಕ್ಕಿಂತ ಒಳ್ಳೆಯ ಅಳತೆ ಇಲ್ಲ. ಕಳೆದ ಮೂರು ತಿಂಗಳ ಡ್ಯೂಟಿ ಪಟ್ಟಿ ನೋಡಬಹುದಾ ಅನ್ನಿ. ಪಟ್ಟಿಯಲ್ಲಿ ಒಂದೇ ಹೆಸರಿನ ಮುಂದೆ ಡಬಲ್ ಡ್ಯೂಟಿ ಎಷ್ಟು ಸಲ ಬಂದಿದೆ ಅಂತ ಬೆರಳಿಟ್ಟು ಎಣಿಸಿ.

ಕೆಲಸ ಹೊಸದಾಗಿ ಕಲಿಯುವವರಿಗೆ ಒಂದು ಮಾತು ಬೇರೆ ಇದೆ. ಎಷ್ಟು ವಾರ ಇನ್ನೊಬ್ಬರ ಜೊತೆ ಇರುತ್ತೇನೆ, ಆ ವಾರಗಳಲ್ಲಿ ನನ್ನನ್ನು ಸ್ಟಾಫ್ ಲೆಕ್ಕಕ್ಕೆ ಸೇರಿಸುತ್ತೀರಾ? ಕಡಿಮೆ ಅಂದರೆ ಆರು ವಾರ ಬೇಕು ಅಂತ ನನ್ನ ಅನುಭವ. ಮೂರನೇ ದಿನವೇ ಒಬ್ಬಳನ್ನೇ ಬಿಡುವ ಕಡೆ ಹೋಗಲೇಬೇಡಿ, ಸಂಬಳ ಎಷ್ಟೇ ಇರಲಿ. ಮೂಲ ಸರ್ಟಿಫಿಕೇಟ್ ಇಟ್ಟುಕೊಳ್ಳುತ್ತೇವೆ ಅನ್ನುವವರಿಗೂ ಇದೇ ಮಾತು. ಝೆರಾಕ್ಸ್ ಕೊಡಿ, ಸಾಕು.

ಇಷ್ಟೆಲ್ಲ ಆದ ಮೇಲೆ ನನ್ನ ಗೆರೆ ಹೀಗಿದೆ. ಒಂದು ಬ್ಯಾಚಿಗೆ ಮೂವರು ಅಂದರೆ ಒಳ್ಳೆಯ ಕೆಲಸ. ನಾಲ್ವರು, ಹೆಚ್ಚಿನವರು ಗಟ್ಟಿ ಪೇಷಂಟ್, ಬದಲಾಗುವಾಗ ಇನ್ನೊಂದು ಜೊತೆ ಕೈ ಇದೆ ಅಂದರೆ ಒಪ್ಪಬಹುದು. ಐವರಾದರೆ ಪಕ್ಕದಲ್ಲಿ ಪೂರ್ತಿ ಹೊತ್ತು ಟೆಕ್ನಿಶಿಯನ್ ಬೇಕು. ಆರು ಅಂದರೆ ನಮಸ್ಕಾರ ಹೇಳಿ ಬನ್ನಿ.

ಸೇರಿದ ಮೇಲೆ ಗೊತ್ತಾದರೆ?

ಹಾಗೂ ಆಗುತ್ತದೆ. ಒಂದು ಸಣ್ಣ ಡೈರಿ ಇಡಿ. ಪೇಷಂಟ್ ಹೆಸರು ಬೇಡವೇ ಬೇಡ. ತಾರೀಖು, ನಿಮ್ಮ ಪಾಲಿಗೆ ಎಷ್ಟು ಜನ, ಆಫ್ ಶುರುವಾದದ್ದು ಎಷ್ಟಕ್ಕೆ, ಎರಡನೇ ಬ್ಯಾಚ್ ಎಲ್ಲರೂ ಆನ್ ಆದದ್ದು ಎಷ್ಟಕ್ಕೆ, ಊಟ ಆಯಿತಾ, ಬಿಪಿ ಎಷ್ಟು ಜನರಿಗೆ ಬಿತ್ತು. ನಾಲ್ಕು ವಾರ. "ಕೆಲಸ ಬಹಳ ಮೇಡಂ" ಅಂದರೆ ಯಾರೂ ಕೇಳುವುದಿಲ್ಲ. "24 ದಿನದಲ್ಲಿ 17 ದಿನ ನಾಲ್ಕನೆಯವರು ಅರ್ಧ ಗಂಟೆ ತಡವಾಗಿ ಎದ್ದಿದ್ದಾರೆ" ಅಂದರೆ ಇನ್‌ಚಾರ್ಜ್ ತಲೆ ಎತ್ತುತ್ತಾರೆ.

ಕೇಳುವಾಗ ಪೂರ್ತಿ ಒಬ್ಬ ಸ್ಟಾಫ್ ಕೇಳಬೇಡಿ, ಸಿಗುವುದಿಲ್ಲ. ಬೆಳಗ್ಗೆ ಹತ್ತರಿಂದ ಒಂದರ ತನಕ ಒಬ್ಬರನ್ನು ಕೊಡಿ ಅನ್ನಿ. ಎಲ್ಲರನ್ನೂ ಒಂದೇ ಹೊತ್ತಿಗೆ ಕರೆಯದೆ 20 ನಿಮಿಷಕ್ಕೊಬ್ಬರಂತೆ ಕರೆಯೋಣ ಅನ್ನಿ. ಇದಕ್ಕೆ ಖರ್ಚಿಲ್ಲ, ಆದರೆ ಪೇಷಂಟ್‌ಗಳು ಬರುವ ಬಸ್ಸಿನ ಸಮಯ ನೋಡಿ ಹೊಂದಿಸಬೇಕು. ಜೋಯಿಡಾ, ಯಲ್ಲಾಪುರ ಕಡೆಯಿಂದ ಬರುವವರನ್ನು ಸಾಲಿನ ಕೊನೆಗೆ ಇಟ್ಟು, ಊರಿನಲ್ಲೇ ಇರುವವರನ್ನು ಮೊದಲು ಕರೆದರೆ ಅರ್ಧ ಜಗಳ ಮುಗಿಯುತ್ತದೆ. ಕ್ಯಾಥೆಟರ್‌ನವರೆಲ್ಲ ಒಬ್ಬರ ಪಾಲಿಗೇ ಬೀಳದ ಹಾಗೆ ಹಂಚೋಣ ಅನ್ನಿ.

ಬಸ್ಸಿನ ಮಾತು ಬಂತಲ್ಲ, ನಿಮ್ಮ ಬಸ್ಸನ್ನೂ ನೋಡಿಕೊಳ್ಳಿ. ಮೂರನೇ ಬ್ಯಾಚ್ ಕಾಗದದಲ್ಲಿ ಒಂಬತ್ತಕ್ಕೆ ಮುಗಿದರೆ ಲೆಕ್ಕದಲ್ಲಿ ಹತ್ತೂವರೆ. ಆ ಹೊತ್ತಿಗೆ ನಿಮ್ಮ ಊರಿಗೆ ಬಸ್ ಇದೆಯಾ? ಇಲ್ಲದಿದ್ದರೆ ಆಸ್ಪತ್ರೆಯ ಗಾಡಿ ಬಿಡುತ್ತದಾ, ಮಲಗಲು ಕೋಣೆ ಇದೆಯಾ? ಅಂಕೋಲೆಯ ಹುಡುಗಿ ಇದನ್ನು ಕೇಳಿದಾಗ ಅವರು "ಒಳಗೆ ಒಂದು ಮಂಚ ಇದೆ" ಅಂದರಂತೆ. "ಯಾವ ಮಂಚ?" ಅಂದಳಂತೆ ಇವಳು. ಐದನೇ ನಂಬರ್ ಮಷೀನಿನ ಪಕ್ಕದ್ದು.